ಹೆಸರಿಗೆ ಹಚ್ಚಿದ ಬಣ್ಣ

"ನನ್ನ ಮಗ ಸತ್ತಾನೋ, ಎಲೆಕ್ಷನ್‌ಗೆ ನಿಂತಾನೋ? ಅಷ್ಟು ಹೇಳಿಬಿಡು ನನಗ."

ಬಗಲಲ್ಲಿ ಸುತ್ತಿ ತಂದಿದ್ದ ಫ್ಲೆಕ್ಸನ್ನು ನೆಲದ ಮೇಲೆ ಝಾಡಿಸಿ ಹಾಸಿ, ದೇವಾಪುರದ ಹಣಮಂತ್ರಾಯ ಸೊಂಟದ ಮೇಲೆ ಕೈಯಿಟ್ಟು ನಿಂತ. ಕಂಪ್ಯೂಟರಿನ ಮುಂದೆ ಕುಳಿತಿದ್ದ ಶಾಂತಕುಮಾರ ಕುರ್ಚಿ ತಿರುಗಿಸಿ ಕೆಳಗೆ ನೋಡಿದ. 

ಫ್ಲೆಕ್ಸಿನ ಮೇಲೊಬ್ಬ ಯುವಕನ ಫೋಟೋ. ಮೇಲ್ಗಡೆ 'ಪ್ರಥಮ ಪುಣ್ಯಸ್ಮರಣೆ'. ಕೆಳಗಡೆ 'ಮಾಳಿಂಗರಾಯ' ಎಂಬ ಹೆಸರು ಹಳದಿಯಿಂದ ಕಿತ್ತಳೆಗೆ, ಕಿತ್ತಳೆಯಿಂದ ಕೆಂಪಿಗೆ ಇಳಿದು, ಸುತ್ತಲೂ ಬಂಗಾರದ ಅಂಚು ಕಟ್ಟಿಕೊಂಡು ಝಗಝಗಿಸುತ್ತಿತ್ತು.

ಈ ಶಾಂತಕುಮಾರನ ಕಸುಬೇ ಅದು. ಸುರಪುರದ ರಂಗಂಪೇಟೆಯಲ್ಲಿ ತಾಯಿ ಅಂಬವ್ವನ ಜೊತೆ ಅವನ ವಾಸ, ಮುಂದಿನ ಖೋಲಿಯಲ್ಲೊಂದು ಕಂಪ್ಯೂಟರ್. ಶಹಾಪುರದಲ್ಲಿ ಫ್ಲೆಕ್ಸ್ ಮಶೀನು ಇಟ್ಟುಕೊಂಡಿರುವ ಏಜಾಜ ಹೆಸರು, ಫೋಟೋ ವಾಟ್ಸ್ಯಾಪ್ ಮಾಡುತ್ತಾನೆ. ಇವನು ಮನೆಯಲ್ಲೇ ಕುಳಿತು ಅಕ್ಷರಕ್ಕೆ ಬಣ್ಣ ತುಂಬಿ ತಿರುಗಿ ಕಳಿಸುತ್ತಾನೆ. ಒಂದು ಬಣ್ಣವನ್ನು ಇನ್ನೊಂದು ಬಣ್ಣದೊಳಕ್ಕೆ ಎಲ್ಲೂ ಗೆರೆ ಕಾಣದಂತೆ ಇಳಿಸುವ ಗ್ರೇಡಿಯಂಟ್ ಕೆಲಸದಲ್ಲಿ ಅವನನ್ನು ಸರಿಗಟ್ಟುವವರು ಆ ಸೀಮೆಯಲ್ಲಿರಲಿಲ್ಲ. ಹುಟ್ಟುಹಬ್ಬವಿರಲಿ, ಕ್ರಿಕೆಟ್ ಟೂರ್ನಮೆಂಟಿರಲಿ, ಲೀಡರನ ಸ್ವಾಗತವಿರಲಿ, ಹೆಸರು ಬೆಳಗಬೇಕು. ಬೆಳಗಿಸಿ ಬೆಳಗಿಸಿ ಅವನಿಗೆ ಹೆಸರನ್ನು ಓದುವ ಚಟವೇ ಬಿಟ್ಟುಹೋಗಿತ್ತು. ಅಕ್ಷರ ಕಂಡರೆ ಸಾಕು, ಮೌಸು ತಾನಾಗಿ ಹೋಗಿ ಸೇವ್ ಮಾಡಿಟ್ಟ ಬಣ್ಣದ ಮೇಲೆ ಕೂರುತ್ತಿತ್ತು. ಸತ್ತವನ ಹೆಸರಿಗೂ ಹಾಗೆಯೇ ಆಗಿತ್ತು.

"ತಪ್ಪಾತ್ರಿ ಕಾಕಾ. ಈಗಿಂದೀಗ ಸರಿ ಮಾಡ್ತೀನಿ. ಏಜಾಜಗ ಹೇಳಿ ಇವತ್ತ ಮತ್ತ ಹೊಡಸಿ ಕೊಡ್ತೀನಿ."

"ಊರ ಅಗಸಿ ಬಾಗಲಾಗ ಕಟ್ಟಿದ್ವಿ. ಹೋಗೂ ಬರೂ ಮಂದಿ ನಿಂತು ನೋಡಿ ನಗಾಕತ್ತಾರ. ನನ್ನ ಮಗಂದು ಬದುಕಿದ್ದಾಗ ಒಂದು ಬ್ಯಾನರ್ ಹಾಕಿಲ್ಲ, ಸತ್ತ ಮ್ಯಾಲ ಜಾತ್ರಿ ಮಾಡಿಟ್ಟಿ."

ಅಂಬವ್ವ ಒಳಗಿನಿಂದ ನೀರಿನ ಚೊಂಬು ಹಿಡಿದು ಬಂದಳು. ಯಾವ ಊರು, ಯಾರ ಪೈಕಿ ಎಂದು ವಿಚಾರಿಸಿದಳು. ಕುರಿಗಾರರ ಮನೆತನ, ಕುಲ ಒಂದೇ ಎಂದು ಗೊತ್ತಾಯಿತು. ಮಗ ಹೋದದ್ದು ಹೇಗೆಂದು ಕೇಳಿದಾಗ ಮುದುಕ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕುಳಿತ. ಹತ್ತಿ ಹೇರಿದ ಟ್ರ್ಯಾಕ್ಟರ್ ಪಲ್ಟಿಯಾದದ್ದನ್ನು ಹೇಳುತ್ತ ಅವನ ಸಿಟ್ಟೆಲ್ಲ ಇಳಿದುಹೋಯಿತು.

ಅವನ ಹಿಂದೆ ಬಾಗಿಲಲ್ಲಿ ಮಗುವನ್ನು ಟೊಂಕದ ಮೇಲಿಟ್ಟುಕೊಂಡು ಒಬ್ಬಳು ನಿಂತಿದ್ದಳು. ಅಳುತ್ತಿರಲಿಲ್ಲ, ಸಿಟ್ಟೂ ಮಾಡುತ್ತಿರಲಿಲ್ಲ. ಕುತ್ತಿಗೆ ಓರೆ ಮಾಡಿ ನೆಲದ ಮೇಲಿನ ಹೆಸರನ್ನೇ ನೋಡುತ್ತಿದ್ದಳು. ಅವಳು ರೇವತಿ, ಮಾಳಿಂಗರಾಯನ ಹೆಂಡತಿ.

ಶಾಂತಕುಮಾರ ಫೈಲು ತೆರೆದು ಬಣ್ಣ ತೆಗೆಯತೊಡಗಿದ. ಮೊದಲು ಬಂಗಾರದ ಅಂಚು ಹೋಯಿತು. ಆಮೇಲೆ ಕೆಂಪು, ಆಮೇಲೆ ಕಿತ್ತಳೆ. ಹಳದಿಯೂ ಹೋದ ಮೇಲೆ ಹೆಸರು ಬೂದಿ ಬಣ್ಣಕ್ಕೆ ತಿರುಗಿ ತೆಪ್ಪಗೆ ಕುಳಿತಿತು.

"ಆ ಬಣ್ಣ ಎಲ್ಲಿ ಹೋದುವ್ರಿ?" ಬೆನ್ನ ಹಿಂದಿನಿಂದ ದನಿ ಬಂತು.

"ಎಲ್ಲೂ ಹೋಗಿಲ್ಲರಿ. ಅಂಡೂ ಹೊಡದ್ರ ತಿರುಗಿ ಬರ್ತಾವ."

"ಒಮ್ಮಿ ಹೊಡೀರಿ, ನೋಡ್ತೀನಿ."

ಹೊಡೆದ. ಬಣ್ಣಗಳು ಒಂದರ ಹಿಂದೊಂದು ಬಂದು ಹೆಸರಿಗೆ ಅಂಟಿಕೊಂಡವು. ಪರದೆಯ ಬೆಳಕು ಅವಳ ಮುಖದ ಮೇಲೆ ಬಿತ್ತು. ಅವನ ವಾರಿಗೆಯವಳೇ. ಹಣೆಗೆ ಸಣ್ಣದೊಂದು ಕರಿ ಟಿಕಳಿ, ಕೆಳದುಟಿಯನ್ನು ಹಲ್ಲಿನಲ್ಲಿ ಹಿಡಿದಿದ್ದಳು.

"ಚಂದ ಇತ್ತು ಖರೆ," ಎಂದಳು ಮೆಲ್ಲಗೆ, ಮಾವನಿಗೆ ಕೇಳಿಸದ ಹಾಗೆ. "ತೆಗೀರಿ ಇನ್ನ."

ತೆಗೆದ. ಅವತ್ತು ಸಂಜೆಯವರೆಗೆ ಅವನ ಕೈ ಸೇವ್ ಮಾಡಿಟ್ಟ ಬಣ್ಣದ ಕಡೆ ಹೋಗಲೇ ಇಲ್ಲ. ಹುಡುಗ ಅವತ್ತೇ ಕೆಟ್ಟ ಎಂದು ಯಾರಾದರೂ ಹೇಳಿದ್ದರೆ ಅವನು ಒಪ್ಪುತ್ತಿರಲಿಲ್ಲ, ಆದರೆ ಕೆಟ್ಟದ್ದು ಅವತ್ತೇ.

ಬಿತ್ತನೆ ಮುಗಿದ ಮೇಲೆ ಹಣಮಂತ್ರಾಯ ಸೊಸೆಯನ್ನು ಕರೆದುಕೊಂಡು ಮತ್ತೊಮ್ಮೆ ಬಂದ. ಈ ಸಲ ಬಗಲಲ್ಲಿ ಫ್ಲೆಕ್ಸ್ ಇರಲಿಲ್ಲ.

"ನನ್ನ ಮಗ ಮನ್ಯಾಗ ಒಂದು ಕಂಪ್ಯೂಟರ್ ತಂದಿಟ್ಟಾನಪ. ಆನ್‌ಲೈನ್ ಸೆಂಟರ್ ಹಾಕ್ತೀನಿ ಅಂತಿದ್ದ. ಈಗ ಅದರ ಮ್ಯಾಲ ಟವೆಲ್ ಹೊಚ್ಚಿ ಇಟ್ಟೀವಿ. ಈ ಹುಡುಗಿ ಕಲೀತೀನಿ ಅಂತಾಳ. ಹೊರಗ ದುಡಿಲಾಕ ಕಳಸಂಗಿಲ್ಲ ನಾ. ನಿನ್ನಂಗ ಮನ್ಯಾಗ ಕುಂತು ಮಾಡ್ಲಿ."

"ಕಲೀಲಿ ತಗೋರಿ," ಎಂದು ಅಂಬವ್ವನೇ ಒಪ್ಪಿಕೊಂಡುಬಿಟ್ಟಳು. "ನಾ ಮನ್ಯಾಗ ಇರ್ತೀನಲ್ಲ."

ಹೀಗೆ ರೇವತಿ ದೇವಾಪುರದ ಬಸ್ಸಿನಲ್ಲಿ ವಾರಕ್ಕೆರಡು ಬಾರಿ ಬರತೊಡಗಿದಳು, ಜೊತೆಗೆ ಮಗಳು ಭಾಗ್ಯ. ಭಾಗ್ಯ ಅಂಬವ್ವನ ಎದುರು ಕುಳಿತು, ಹಸನ ಮಾಡಿದ ತೊಗರಿ ಬೇಳೆಯಲ್ಲಿ ಹಸನಾಗಿ ಹರಳು ಬೆರೆಸುತ್ತಿದ್ದಳು. ಅಂಬವ್ವ ಬಯ್ಯುತ್ತ ಮತ್ತೆ ಆರಿಸುತ್ತಿದ್ದಳು. ಇಬ್ಬರಿಗೂ ಅದು ಒಗ್ಗಿಹೋಗಿತ್ತು.

ಇತ್ತ ಕಂಪ್ಯೂಟರಿನ ಮುಂದೆ ರೇವತಿ ಮೊದಲು ಟೈಪ್ ಮಾಡಿದ್ದು ಮಗಳ ಹೆಸರನ್ನು. ಬಣ್ಣ ತುಂಬಿದಳು. 'ಭಾಗ್ಯ' ಎಂಬುದರ ಮೇಲ್ಭಾಗ ಹಸಿರಿನಿಂದ ಹಳದಿಗೆ ಚಂದವಾಗಿ ಇಳಿಯಿತು, ಆದರೆ ಕೆಳಗಿನ ಒತ್ತಕ್ಷರ ಮಾತ್ರ ತಾನೇ ಬೇರೆ ಎಂಬಂತೆ ಮತ್ತೆ ಹಸಿರಿನಿಂದ ಶುರುಮಾಡಿಕೊಂಡಿತು.

"ಶಾಂತಕುಮಾರ್ರೀ, ಇದೇನ್ರಿ? ನನ್ನ ಮಗಳ ಕಾಲಿಗೆ ಮೆಹಂದಿ ಹಚ್ಚಿದಂಗ ಆಗ್ಯದ."

"ಮೊದಲ ಅಕ್ಷರ ಎಲ್ಲಾ ಕೂಡಿಸಬೇಕ್ರಿ. ಕೂಡಿಸದ ಬಣ್ಣ ಹಾಕಿದ್ರ ಒಂದೊಂದು ತುಣುಕು ಒಂದೊಂದು ಹಾದಿ ಹಿಡೀತದ. ಇಲ್ಲಿ ಒತ್ರಿ. ಹಾಂ, ಈಗ ಹಾಕ್ರಿ."

ಈಗ ಬಣ್ಣ ಭಾ-ದಿಂದ ಹೊರಟು ಒತ್ತಿನ ಬಾಲದವರೆಗೆ ಒಂದೇ ಹರಿವಿನಲ್ಲಿ ಹೋಯಿತು. ರೇವತಿ ಚಪ್ಪಾಳೆ ಹೊಡೆದು, ಹೊಡೆದದ್ದಕ್ಕೆ ನಾಚಿ, ಕೈ ಮಡಿಲಲ್ಲಿ ಬಚ್ಚಿಟ್ಟುಕೊಂಡಳು.

ಅವಳದು ವಿಚಿತ್ರ ಕಣ್ಣು. ಶಾಂತಕುಮಾರ ಒಂದು ಹೆಸರಿಗೆ ಐದಾರು ಬಣ್ಣ ಸುರಿಯುವವನು. ಅವಳಿಗೆ ಎರಡೇ ಸಾಕು. ಅವೂ ಎಲ್ಲೋ ಕಂಡಿದ್ದ ಬಣ್ಣಗಳೇ ಆಗಿರಬೇಕು.

"ಇದು ಯಾವ ಬಣ್ಣರಿ?"

"ಹಸಿ ಮೆಣಸಿನಕಾಯಿ ಹಣ್ಣಾಗೂದು. ನೋಡಿಲ್ಲೇನು?"

"ತಿಂದೀನಿ. ನೋಡಿಲ್ಲ."

"ತಿನ್ನೂ ಮಂದಿಗೆ ಏನು ಗೊತ್ತಾಗ್ತದ ಬಿಡ್ರಿ." ಕಣ್ಣಂಚಿನಲ್ಲೊಂದು ನಗೆ ಹೊಳೆದು ಹೋಯಿತು. ಆ ನಗೆ ತನಗೋ, ಮೆಣಸಿನಕಾಯಿಗೋ ಎಂದು ಶಾಂತಕುಮಾರ ಮಧ್ಯಾಹ್ನವೆಲ್ಲ ಲೆಕ್ಕ ಹಾಕಿದ.

ಬಣ್ಣ ಎಲ್ಲಿ ಬದಲಾಗಬೇಕೆಂದು ಹೇಳುವ ಸಣ್ಣ ಗುಂಡಿಯೊಂದು ಇರುತ್ತದೆ. ಎಲ್ಲರೂ ಅದನ್ನು ನಡುವೆ ಇಡುತ್ತಾರೆ. ರೇವತಿ ಅದನ್ನು ಎಳೆದು ಎಳೆದು ಕೊನೆಯ ಅಕ್ಷರದ ಹತ್ತಿರ ತಂದಿಡುತ್ತಿದ್ದಳು.

"ಯಾಕ್ರಿ ಇಷ್ಟು ತಡ?"

"ಬದಲಾಗೂದು ಗೊತ್ತಾಗಬಾರದ್ರಿ. ಒಮ್ಮಿಕ್ಕಲೆ ನೋಡಿದ್ರ, ಅರೆ, ಇದು ಯಾವಾಗ ಕೆಂಪಾತು ಅನಬೇಕು."

ಅವನು ಮಾನಿಟರ್ ಬಿಟ್ಟು ಅವಳನ್ನು ನೋಡಿದ. ಅವಳು ಅವನನ್ನು ಬಿಟ್ಟು ಮಾನಿಟರ್ ನೋಡಿದಳು. ಅದೂ ಇದೂ ಏನೂ ನಡೆಯಲಿಲ್ಲವೆಂಬಂತೆ ಫ್ಯಾನು ತಿರುಗುತ್ತಿತ್ತು.

ಕೆಲಸ ಕೈಗೆ ಹತ್ತಿದ ಮೇಲೆ ಅವಳು ದೇವಾಪುರದ ಮನೆಯಿಂದಲೇ ಮಾಡಿ ಕಳಿಸತೊಡಗಿದಳು. ಮೊದಲ ಸಲ ಬಂದ ಫೈಲು ತೆರೆದು ಶಾಂತಕುಮಾರ ಹೌಹಾರಿದ. ಅಕ್ಷರಗಳು ಗುಲಾಬಿ ಬಣ್ಣದಲ್ಲಿ ಕಣ್ಣಿಗೆ ಚುಚ್ಚುತ್ತಿದ್ದವು. ಫೋನ್ ಮಾಡಿದ.

"ಇದೇನು ಬಣ್ಣರಿ? ಬತ್ತಾಸದ ಅಂಗಡಿ ಇಟ್ಟಂಗ ಅದ."

"ಬತ್ತಾಸ ಯಾಕಾಗ್ತದ? ಇಟ್ಟಂಗಿ ಬಣ್ಣ ಹಾಕೀನಿ. ನಮ್ಮ ಮನಿ ಪರದಾದಾಗ ಇಟ್ಟಂಗಿನ ಕಾಣಾಕತ್ತದ."

ಅವಳದು ಹಳೆಯ ಮಾನಿಟರ್, ಬಣ್ಣ ಸೋತಿತ್ತು. ಅಲ್ಲಿ ಇಟ್ಟಿಗೆಯಾಗಿ ಕಂಡದ್ದು ಇಲ್ಲಿ ಗುಲಾಬಿ. ಆಮೇಲೆ ಪ್ರತಿ ಬಣ್ಣವನ್ನೂ ಬಾಯಲ್ಲಿ ಹೇಳಿ ಖಾತ್ರಿ ಮಾಡಿಕೊಳ್ಳುವುದು ರೂಢಿಯಾಯಿತು. "ಬಾಳಿ ಎಲಿ ಸುಳಿ ಹಸಿರು", "ಕುರಿ ತುಪ್ಪಳದ ಕಂದು", "ಮಾವ ಸಿಟ್ಟು ಬಂದಾಗಿನ ಕೆಂಪು". ಒಂದು ಬಣ್ಣಕ್ಕೆ ಒಂದು ಫೋನು. ಊರಲ್ಲಿ ಹುಟ್ಟುಹಬ್ಬಗಳು ಇಷ್ಟೊಂದು ಇರುವುದು ಎಷ್ಟು ಒಳ್ಳೆಯದು ಎಂದು ಶಾಂತಕುಮಾರನಿಗೆ ಮೊದಲ ಬಾರಿ ಅನ್ನಿಸಿತು.

ಆದರೆ ಚಳಿಗಾಲ ಬರುವಷ್ಟರಲ್ಲಿ ಅವಳು ಬದಲಾದಳು.

ಮೊದಲೆಲ್ಲ ಮಾತಿಗೊಂದು ಸಲ 'ಶಾಂತಕುಮಾರ್ರೀ' ಎನ್ನುತ್ತಿದ್ದವಳು ಈಗ ಹೆಸರು ಹಿಡಿದು ಕರೆಯುವುದನ್ನೇ ನಿಲ್ಲಿಸಿದ್ದಳು. "ಇಲ್ಲಿ ನೋಡ್ರಿ" ಎನ್ನುತ್ತಿದ್ದಳು. "ಕೇಳಿಸ್ತೇನ್ರಿ?" ಎನ್ನುತ್ತಿದ್ದಳು. ಅವನು ಹೊರಗೆ ಹೋದಾಗ ಬಂದರೆ ಅಂಬವ್ವನನ್ನು "ಮನ್ಯಾಗ ಇಲ್ಲೇನ್ರಿ?" ಎಂದು ಕೇಳುತ್ತಿದ್ದಳು, ಯಾರು ಎಂಬುದು ಗಾಳಿಯಲ್ಲೇ ಉಳಿಯುತ್ತಿತ್ತು. ಶಾಂತಕುಮಾರ ತನ್ನಿಂದೇನು ತಪ್ಪಾಯಿತೆಂದು ಹುಡುಕಿ ಹೈರಾಣಾದ. ಬತ್ತಾಸ ಅಂದದ್ದಕ್ಕೋ? ಮುಖ ಸಣ್ಣದು ಮಾಡಿಕೊಂಡು ಓಡಾಡುವ ಮಗನನ್ನು ಅಂಬವ್ವ ಕೆಲವು ದಿನ ಸುಮ್ಮನೆ ನೋಡಿದಳು. ಕೊನೆಗೆ ಕೇಳಿಯೇಬಿಟ್ಟಳು.

"ಏನಾಗ್ಯದೋ ನಿನಗ?"

"ಏನಿಲ್ಲ. ಆಕಿಗೆ ನನ್ನ ಮ್ಯಾಲ ಸಿಟ್ಟು ಬಂದಂಗ ಅದ. ಹೆಸರ್ಹಿಡದು ಕರಿಯೂದ ಬಿಟ್ಟಾಳ."

ಅಂಬವ್ವನ ಕೈಯಲ್ಲಿದ್ದ ಮೊರ ನಿಂತಿತು. ಮಗನ ಮುಖವನ್ನು ನೋಡಿದಳು. ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ.

"ಹುಚ್ಚಪ್ಪ. ನಿಮ್ಮಪ್ಪ ಇರೂತನ ನಾ ಒಂದಿನರ ಅವರ ಹೆಸರು ತಗೊಂಡಿದ್ದು ಕೇಳೀ ಏನು ನೀ? ಇವತ್ತಿಗೂ ರೇಷನ್ ಅಂಗಡ್ಯಾಗ ಕೇಳಿದ್ರ, ಬಾಜೂದಾಕಿ ಹೇಳ್ತಾಳ, ನಾ ಹೂಂ ಅಂತೀನಿ. ಹೆಣ್ಣಮಕ್ಕಳು ಹೆಸರು ಬಾಯಾಗಿಂದ ತೆಗದು ಎಲ್ಲಿ ಇಟ್ಕೋತಾರ ಅಂತ ಅಷ್ಟೂ ತಿಳಿಯಂಗಿಲ್ಲೇನು ನಿನಗ?"

ಶಾಂತಕುಮಾರನ ಕಿವಿ ಬೆಚ್ಚಗಾಯಿತು. ಎದ್ದು ಹೋಗಿ ಸುಮ್ಮನೆ ಕಂಪ್ಯೂಟರ್ ಆನ್ ಮಾಡಿದ, ಆಫ್ ಮಾಡಿದ.

ಅಂಬವ್ವ ಮೊರದೊಳಗಿನ ಬೇಳೆ ನೋಡುತ್ತ ಮೆಲ್ಲಗೆ ಅಂದಳು. "ಆದ್ರ ಅದು ನಮ್ಮ ಪಾಲಿಂದಲ್ಲಪ. ಮನಸು ಹಚ್ಕೋಬ್ಯಾಡ." ಅಷ್ಟು ಹೊತ್ತಿಗೆ ಆ ಮಾತು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಅವನು ಇರಲಿಲ್ಲ.

ಮುಂದಿನ ಸಲ ರೇವತಿ ಬಂದಾಗ ಅವನ ಮೈಯಲ್ಲಿ ತುಂಟತನ ಹೊಕ್ಕಿತ್ತು.

"ಇವತ್ತು ನನ್ನ ಹೆಸರು ಹೊಡೀರಿ."

ಅವಳು ಒಮ್ಮೆ ತಿರುಗಿ ನೋಡಿದಳು. ಬೆರಳುಗಳು ಕೀಲಿಗಳ ಮೇಲೆ ಎಲ್ಲೂ ತಡವರಿಸದೆ ಓಡಿದವು. 'ಶಾಂತಕುಮಾರ'. ಅಕ್ಷರ ಕೂಡಿಸಿದಳು. ಹಳದಿ ತೆಗೆದುಕೊಂಡಳು, ಹಳದಿಯೊಳಗೆ ತುಸು ತುಸುವೇ ಕೆಂಪನ್ನು ಬಿಟ್ಟಳು.

"ಇದು ಯಾವುದ್ರಿ?"

"ತೊಗರಿ ಹೂವು. ಮುಂದ ಹಳದಿ, ಬೆನ್ನಿಗೆ ಕೆಂಪು ಗೀರು."

"ಈಗ ಓದ್ರಿ."

"ಏನು?"

"ಏನು ಬರದೀರಿ ಅದನ್ನ."

"ಅಕ್ಷರ ನಿಮಗೂ ಬರ್ತಾವಲ್ಲ. ನೀವ ಓದ್ಕೋರಿ."

"ನನಗ ನಿಮ್ಮ ಬಾಯಿಲೆ ಕೇಳಬೇಕಾಗ್ಯದ."

ರೇವತಿಯ ಕೈ ಮೌಸಿನ ಮೇಲೆ ಹಾಗೇ ನಿಂತಿತು. ಕೆನ್ನೆಯಿಂದ ಶುರುವಾದ ಬಣ್ಣ ಕಿವಿಯ ತುದಿಯವರೆಗೆ ಹೋಯಿತು. ಯಾವ ಜಾಗದಲ್ಲಿ ಬದಲಾಯಿತೆಂದು ಹೇಳುವುದು ಅವನಂಥ ಕೆಲಸಗಾರನಿಗೂ ಆಗಲಿಲ್ಲ.

"ಯವ್ವಾ, ನೋಡ್ರಿ ಇಲ್ಲಿ, ಇವರು..." ಎಂದು ಒಳಗಡೆ ಕೂಗಿ, ಅಷ್ಟಕ್ಕೇ ಬಾಯಿ ಕಚ್ಚಿಕೊಂಡಳು.

"ಇವರು ಅಂದ್ರ ಯಾರವಾ?" ಅಂಬವ್ವನ ದನಿ ಒಳಗಿನಿಂದ ಬಂತು. ಭಾಗ್ಯ ಮಾತ್ರ ಓಡಿ ಬಂದು ತಾಯಿಯ ತೊಡೆ ಹತ್ತಿ, ಪರದೆಗೆ ಬೆರಳಿಟ್ಟು, "ಚಂದ ಅದ, ಇದು ಯಾರ ಹೆಸರು?" ಎಂದಳು. ತಾಯಿ ಹೇಳಲಿಲ್ಲ. ಮಗಳ ನೆತ್ತಿಗೆ ಮುಖ ಹುದುಗಿಸಿದಳು. ಶಾಂತಕುಮಾರನ ಬದುಕಿನಲ್ಲಿ ಅದಕ್ಕಿಂತ ಒಳ್ಳೆಯ ಗಳಿಗೆ ಮತ್ತೆ ಬರಲಿಲ್ಲ.

ಆ ಸಂಜೆ ಅವಳನ್ನು ಬಸ್‌ಸ್ಟ್ಯಾಂಡಿನವರೆಗೆ ಬಿಡಲು ಹೋದ. ದೇವಾಪುರದ ಬಸ್ಸು ಬಂದಿರಲಿಲ್ಲ. ಭಾಗ್ಯ ಕಡಲೆ ಪುಟಾಣಿ ತಿನ್ನುತ್ತ ಅವರಿಬ್ಬರ ನಡುವೆ ಕುಳಿತಿದ್ದಳು.

"ನಮ್ಮಲ್ಲಿ ಉಡಕಿ ಪದ್ಧತಿ ಅದ," ಎಂದ ಅವನು, ನೆಲ ನೋಡುತ್ತ. "ಬೆಡಗೂ ಬ್ಯಾರೆ ಬ್ಯಾರೆ ಅವ. ನಡೀತದ. ನಾನು ನಮ್ಮವ್ವ ಬಂದು ಕೇಳ್ತೀವಿ."

ಗಂಡ ಸತ್ತವಳಿಗೆ ಮತ್ತೊಬ್ಬ ಸೀರೆ ಉಡಿಸಿ ಕರೆದೊಯ್ಯುವ ಉಡಕಿ ಅವರ ಕುಲದಲ್ಲಿ ಹಿಂದಿನಿಂದಲೂ ಇತ್ತು, ವಂಶದ ಬೆಡಗು ಒಂದೇ ಆಗಿರಬಾರದು ಅಷ್ಟೆ. ಬಾಜಾ ಇಲ್ಲ, ಬ್ಯಾನರ್ ಇಲ್ಲ, ಹಿರಿಯರು ಕುಳಿತು ಹೂಂ ಎಂದರೆ ಮುಗಿಯಿತು. ರೇವತಿಗೆ ಅದು ಗೊತ್ತಿಲ್ಲದ್ದೇನಲ್ಲ.

"ಸವಿತಾನ್ನ ನೋಡೀರೇನು ನೀವು?" ಎಂದಳು. "ನಮ್ಮ ದೊಡ್ಡವ್ವನ ಮಗಳು. ಉಡಕಿ ಆಗಿ ಕೆಂಭಾವಿ ಕಡೆ ಹೋಗ್ಯಾಳ. ಹೋಗೂಮುಂದ ಮಗನ್ನ ಗಂಡನ ಮನ್ಯಾಗ ಬಿಟ್ಟು ಹೋದಳು. ಬಿಡಬೇಕಲ್ಲ, ಕೂಸು ಆ ಮನಿದು. ಈಗ ಸಂತ್ಯಾಗ ಸಿಕ್ರ ಆ ಹುಡುಗ ಆಕಿನ್ನ ಅವ್ವಾ ಅನ್ನಂಗಿಲ್ಲ, ಚಿಗವ್ವಾ ಅಂತ ಕರೀತಾನ."

ಶಾಂತಕುಮಾರ ಭಾಗ್ಯಳ ಕಡೆ ನೋಡಿದ. "ಕಾಯ್ದೆ ಪ್ರಕಾರ ಕೂಸು ತಾಯಿಗೇ ಬರ್ತದ," ಎಂದ.

"ಕಾಯ್ದೆ ಹಿಡ್ಕೊಂಡು ಹೋಗಿ ಮಾವನ ಮುಂದ ನಿಲ್ಲಲೇನು? ಇದ್ದ ಒಬ್ಬ ಮಗನ್ನ ಮಣ್ಣಿಗ ಹಾಕ್ಯಾನ ಮುದುಕ. ಮುಂಜಾನೆ ಎದ್ದ ಕೂಡಲೆ ಈಕಿ ಮುಖ ನೋಡಿ ಕುರಿ ಬಿಡ್ತಾನ. ನನ್ನನ್ನ ಕಲಿಲಾಕ ಕಳಿಸಿದಾವ ಅವನ. ಅವನ ಕೈಯಾಗಿಂದ ಕೂಸು ಕಸಗೊಂಡು ನಾ ಯಾವ ಸುಖ ಉಣ್ಣಲಿ?"

"ನಾ ಕೇಳಿ ನೋಡ್ತೀನಿ. ಕೇಳೂದ್ರಾಗೇನು ಹೋಗ್ತದ?"

"ಬರಬ್ಯಾಡ್ರಿ." ಅವಳು ಮೊದಲ ಬಾರಿಗೆ ನೇರ ಅವನ ಕಣ್ಣಿಗೆ ಕಣ್ಣಿಟ್ಟು ನೋಡಿದಳು. "ಕೇಳಿದ್ರ ಉತ್ತರ ಬರ್ತದ. ಕೇಳದಿದ್ರ ಇದು ಹಿಂಗ ಇರ್ತದ. ವಾರದಾಗ ಎರಡು ದಿನ ಬರ್ತೀನಿ, ಹೋಗ್ತೀನಿ. ನನಗ ಸಾಕದು."

ಬಸ್ಸು ಬಂತು. ಅವಳು ಮಗಳನ್ನು ಎತ್ತಿಕೊಂಡು ಹತ್ತಿದಳು. ಕಿಟಕಿಯಿಂದ ಭಾಗ್ಯ ಮಾತ್ರ ಕೈ ಬೀಸಿದಳು.

ಅವಳಿಗೆ ಸಾಕಾದದ್ದು ಅವನಿಗೆ ಸಾಕಾಗಲಿಲ್ಲ. ಗಂಡಸರ ಹಣೆಬರಹವೇ ಅಷ್ಟು, ಕೈಯಲ್ಲಿದ್ದದ್ದನ್ನು ಕೇಳಿ ಕಳೆದುಕೊಳ್ಳುವವರೆಗೆ ನಿದ್ದೆ ಬರುವುದಿಲ್ಲ. ಅಂಬವ್ವ ಬೇಡವೆಂದಳು, ಗೋಗರೆದಳು, ಕೊನೆಗೆ ಒಗೆದ ಸೀರೆ ಉಟ್ಟು ಅವನ ಹಿಂದೆ ಹೊರಟಳು. ಒಬ್ಬನೇ ಹೋಗಿ ಏನು ಮಾತಾಡಿಬಿಡುತ್ತಾನೋ ಎಂಬ ಹೆದರಿಕೆ ಅವಳಿಗೆ.

ದೇವಾಪುರದಲ್ಲಿ ಹಣಮಂತ್ರಾಯ ದೊಡ್ಡಿಯ ಮುಂದೆ ಕುಳಿತು ಕುರಿಮರಿಗೆ ಹಾಲು ಕುಡಿಸುತ್ತಿದ್ದ. ಬಂದವರನ್ನು ಕಂಡು ಮುಖ ಅರಳಿಸಿದ. ಕಂಬಳಿ ಹಾಸಿಸಿದ. ಸೊಸೆಯನ್ನು ಕೂಗಿ ಚಹಾ ಇಡಲು ಹೇಳಿದ. ಭಾಗ್ಯ ಓಡಿ ಬಂದು ಅಂಬವ್ವನ ಕೈ ಹಿಡಿದು, ತಮ್ಮ ಕಂಪ್ಯೂಟರ್ ತೋರಿಸುತ್ತೇನೆಂದು ಎಳೆದಳು. ರೇವತಿ ಬಾಗಿಲಿಗೆ ಬಂದು, ಶಾಂತಕುಮಾರನನ್ನು ಕಂಡು, ಚೌಕಟ್ಟಿಗೆ ಆತುಕೊಂಡು ನಿಂತುಬಿಟ್ಟಳು. ಅವಳ ಮುಖದಲ್ಲಿ ಸಂತೋಷದ ಒಂದು ಎಳೆಯೂ ಇರಲಿಲ್ಲ.

ಅಂಬವ್ವ ಗಂಟಲು ಸರಿಮಾಡಿಕೊಂಡು ಬಂದ ಕಾರಣ ಹೇಳಿದಳು. ಹಣಮಂತ್ರಾಯ ಮರಿಯ ಬಾಯಿಂದ ಬಾಟಲಿ ತೆಗೆಯಲಿಲ್ಲ. ಅದು ಪೂರ್ತಿ ಕುಡಿದು ಮುಗಿಸಲು ಬಿಟ್ಟ.

"ನಾ ಅಡ್ಡ ಬರಂಗಿಲ್ಲವಾ," ಎಂದ ಕೊನೆಗೆ. ದನಿಯಲ್ಲಿ ಸಿಟ್ಟಿರಲಿಲ್ಲ. "ಹರೇದ ಹುಡುಗಿ. ಜೀವಮಾನ ಎಲ್ಲಾ ನನ್ನ ದೊಡ್ಡಿ ಕಾಯಲಿ ಅಂತ ನಾ ಅನ್ನಂಗಿಲ್ಲ. ಉಡಕಿ ಆಗಿ ಹೋಗ್ಲಿ. ಸೀರಿ ನಾನ ತಂದು ಕೊಡ್ತೀನಿ. ಕೂಸು ಇಲ್ಲೇ ಇರ್ತದ. ಅದು ನಮ್ಮ ಬೆಡಗಿಂದು."

"ಕೂಸನ್ನ ನನ್ನ ಸ್ವಂತ ಮಗಳಂಗ ನೋಡ್ಕೋತೀನ್ರಿ ಕಾಕಾ," ಎಂದ ಶಾಂತಕುಮಾರ.

"ನೋಡ್ಕೋತಿ. ನೀ ಒಳ್ಳ್ಯಾಂವ ಇದ್ದೀ. ಆದ್ರ ನಿನ್ನ ಹೆಸರು ಅದರ ಹೆಸರಿನ ಹಿಂದ ಬರ್ತದಲ್ಲಪ. ನನ್ನ ಮಗಂದು ಅಳಸಿ ಹೋಗ್ತದ. ಅವಂದು ಅಂತ ಈ ಭೂಮಿ ಮ್ಯಾಲ ಅದೊಂದ ಉಳದದ."

"ಹಂಗಾದ್ರ ನಾನ ಇಲ್ಲಿ ಬಂದು ಇರ್ತೀನಿ. ದೇವಾಪುರದಾಗ. ಮಶೀನ್ ಎಲ್ಲಿದ್ರೇನು, ನನ್ನ ಕೆಲಸ ನಡೀತದ."

ಮುದುಕನ ಕಣ್ಣಲ್ಲಿ ನೀರು ಬಂದಿತ್ತು.

"ಅವಾ ಮಲಗಿದ್ದ ಖೋಲ್ಯಾಗ ನೀ ಮಲಗೂದು ನಾ ನೋಡ್ಲೇನು? ಅಷ್ಟು ಗಟ್ಟಿ ಇಲ್ಲಪ ನಾ."

ಹಣಮಂತ್ರಾಯ ಕಣ್ಣೊರೆಸಿಕೊಂಡು ಬಾಗಿಲಿನ ಕಡೆ ತಿರುಗಿದ.

"ಯವ್ವಾ ರೇವತಿ, ಇದು ನಿನ್ನ ಮಾತು. ನಾವ್ಯಾರೂ ಆಡಿದ್ರ ಆಗಂಗಿಲ್ಲ. ಇವರಿಬ್ಬರೂ ನಿನ್ನ ಸಂಬಂಧ ಬಂದಾರ. ನಿನ್ನ ಮನಸಿನಾಗ ಏನದ, ಹೇಳಿಬಿಡು. ನೀ ಹೂಂ ಅಂದ್ರ ನಾ ಹೂಂ."

ಭಾಗ್ಯ ಹೋಗಿ ತಾಯಿಯ ಕಾಲಿಗೆ ಆತುಕೊಂಡಿದ್ದಳು. ರೇವತಿ ಅವಳ ತಲೆಯ ಮೇಲೆ ಕೈಯಿಟ್ಟಳು. ಅವಳು ಅತ್ತುಬಿಡಲಿ, ಒಳಗೆ ಓಡಿಹೋಗಲಿ, 'ಇವರು' ಎಂದು ಶುರುಮಾಡಿ ಅರ್ಧಕ್ಕೆ ನಿಲ್ಲಿಸಲಿ, ಏನೇ ಆದರೂ ತನಗೆ ಸಾಕು ಎಂದುಕೊಂಡ ಶಾಂತಕುಮಾರ. ಆಮೇಲೆ ಮತ್ತೆ ಬಂದು ಕೇಳಬಹುದು, ಕಾಯಬಹುದು.

ರೇವತಿ ತಲೆ ಎತ್ತಿದಳು.

"ಶಾಂತಕುಮಾರ ನನಗ ಕೆಲಸ ಕಲಿಸ್ಯಾರ ಮಾವಾ," ಎಂದಳು. ದನಿ ಸ್ಪಷ್ಟವಾಗಿತ್ತು, ದೊಡ್ಡಿಯ ಆಚೆಯವರೆಗೂ ಕೇಳುವಂತಿತ್ತು. "ಶಾಂತಕುಮಾರ ಅವರದು ನಮ್ಮ ಮನಿ ಮ್ಯಾಲ ಉಪಕಾರ ಅದ. ಅದಕ್ಕಿಂತ ಹೆಚ್ಚಿಂದು ಏನೂ ಇಲ್ಲ. ಶಾಂತಕುಮಾರ ತಪ್ಪು ತಿಳ್ಕೊಂಡಾರ."

ಒಂದಲ್ಲ, ಎರಡಲ್ಲ, ಮೂರು ಸಲ ಹೆಸರು ಹಿಡಿದಳು. ಹಣಮಂತ್ರಾಯನ ಕಿವಿಗೆ ಬಿದ್ದದ್ದು ಉತ್ತರ ಮಾತ್ರ. ಅವನ ಭುಜ ಸಡಿಲಾಯಿತು, ಕೈ ತಾನಾಗಿ ಮರಿಯ ಬೆನ್ನು ಸವರತೊಡಗಿತು. ಅಂಬವ್ವ ಕಣ್ಣು ಮುಚ್ಚಿಕೊಂಡಳು. ಶಾಂತಕುಮಾರನಿಗೆ ಆ ಮನೆಯ ಗೋಡೆ, ದೊಡ್ಡಿ, ಕುರಿ, ಎಲ್ಲವೂ ಎಲ್ಲಿದ್ದವೋ ಅಲ್ಲೇ ಇರುವುದು ಕಂಡಿತು. ತನ್ನ ಹೆಸರು ಇಷ್ಟು ಉದ್ದವಾಗಿದೆ ಎಂದು ಅವನಿಗೆ ಗೊತ್ತಿರಲಿಲ್ಲ.

"ಚಹಾ ಕುಡದು ಹೋಗ್ರಿ," ಎಂದ ಹಣಮಂತ್ರಾಯ. "ಬೇಜಾರ ಮಾಡ್ಕೋಬ್ಯಾಡ್ರಿ. ಬಂದು ಹೋಗೂದು ಇರ್ಲಿ."

ಚಹಾ ರೇವತಿಯೇ ತಂದಳು. ಶಾಂತಕುಮಾರನ ಮುಂದೆ ಲೋಟ ಇಡುವಾಗಲೂ ಅವಳ ಕೈ ತುಳುಕಿಸಲಿಲ್ಲ. ಅವನು ಬಿಸಿಯೋ ತಣ್ಣಗೋ ತಿಳಿಯದೆ ಪೂರ್ತಿ ಕುಡಿದ.

ತಿರುಗಿ ಬರುವಾಗ ಬಸ್ಸಿನಲ್ಲಿ ತಾಯಿ ಮಗ ಒಂದೇ ಸೀಟಿನಲ್ಲಿ ಕುಳಿತಿದ್ದರು. ಹೊರಗೆ ಹತ್ತಿ ಬಿಡಿಸಿ ಮುಗಿದ ಹೊಲಗಳು. 

"ಆಕಿ ನಿನ್ನ ಹೆಸರು ತಗೊಂಡಾಗ ದನಿ ಒಂದೀಟು ನಡುಗಲಿಲ್ಲ, ನೋಡಿದೇನು?" ಎಂದಳು ಅಂಬವ್ವ.

"ಹೂಂ."

"ಮನ್ಯಾಗ ಒಬ್ಬಾಕೇ ಕುಂತು ಎಷ್ಟು ಸಲ ಅಂದು ಅಂದು ರೂಢಿ ಮಾಡ್ಕೊಂಡಾಳೋ ಪಾಪ." ಅಂಬವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ನೀ ಬಂದು ಕೇಳ್ತಿ ಅಂತ ಆಕಿಗೆ ಮೊದಲ ಗೊತ್ತಿತ್ತು."

ಶಾಂತಕುಮಾರ ಕಿಟಕಿಯ ಕಡೆ ತಿರುಗಿದ. ಅಳು ಬಂತು. ಬಸ್ಸಿನಲ್ಲಿ ಪರಿಚಯದವರಿದ್ದರು, ಆದರೂ ಅತ್ತ.

ರೇವತಿ ಸುರಪುರಕ್ಕೆ ಬರುವುದು ನಿಂತಿತು. ಕಲಿಯುವುದು ಮುಗಿದಿತ್ತು, ಬರುವುದಕ್ಕೆ ಬೇರೆ ಕಾರಣ ಯಾರಿಗೂ ಬೇಕಿರಲಿಲ್ಲ. ಅಂಬವ್ವ ಬೇಳೆ ಒಂದೇ ಸಲಕ್ಕೆ ಹಸನ ಮಾಡಿ ಮುಗಿಸುತ್ತಾಳೆ, ಮುಗಿಸಿ ಸುಮ್ಮನೆ ಕೂರುತ್ತಾಳೆ. ಮಗನಿಗೆ ಬೇರೆ ಹೆಣ್ಣು ನೋಡುವ ಮಾತು ಒಮ್ಮೆ ತೆಗೆದಳು. ಅವನ ಮುಖ ನೋಡಿ ಮತ್ತೆ ತೆಗೆಯಲಿಲ್ಲ.

ಕೆಲಸ ಮಾತ್ರ ನಡೆಯುತ್ತಿದೆ. ಏಜಾಜ ಮೂವರನ್ನೂ ಸೇರಿಸಿ ಒಂದು ವಾಟ್ಸ್ಯಾಪ್ ಗ್ರೂಪ್ ಮಾಡಿದ್ದಾನೆ. ರೇವತಿ ಮಾಡಿದ್ದನ್ನು ಶಾಂತಕುಮಾರ ಒಮ್ಮೆ ನೋಡಿ ಸರಿ ಎಂದರೆ ಮಾತ್ರ ಮಶೀನಿಗೆ ಹೋಗಬೇಕು, ಮತ್ತೆ ಯಾರ ಮಗನೂ ಎಲೆಕ್ಷನ್ನಿಗೆ ನಿಲ್ಲಬಾರದು ಎಂದು ಏಜಾಜನ ಹುಕುಂ.

ದಿನಕ್ಕೊಂದಾದರೂ ಬರುತ್ತದೆ. 'ಶಾಂತಕುಮಾರ್ರೀ, ಬಸುರಿ ಕುಬುಸದ ಫೈಲ್ ಕಳಿಸೀನಿ, ನೋಡ್ರಿ.' 'ಶಾಂತಕುಮಾರ್ರೀ, ತೊಟ್ಟಿಲ ಬ್ಯಾನರ್ ಆಗ್ಯದ.' 'ಶಾಂತಕುಮಾರ್ರೀ, ಬಣ್ಣ ಸರಿ ಬಂದದೇನ್ರಿ?' ಒಂದು ಮೆಸೇಜಿನಲ್ಲೂ ಅವಳು ಹೆಸರು ತಪ್ಪಿಸುವುದಿಲ್ಲ. ಎಷ್ಟು ಮರ್ಯಾದೆಯ ಹುಡುಗಿ ನೋಡು, ಇವತ್ತಿಗೂ ಹೆಸರಿಗೆ ರೀ ಹಚ್ಚದೆ ಮಾತಾಡುವುದಿಲ್ಲ ಎಂದು ಏಜಾಜ ಫೋನಿನಲ್ಲಿ ಹೊಗಳುತ್ತಾನೆ. ಶಾಂತಕುಮಾರ ಹೌದು ಎನ್ನುತ್ತಾನೆ. ಫೈಲು ತೆರೆಯುತ್ತಾನೆ. ತಿದ್ದುವಂಥದ್ದು ಏನೂ ಇರುವುದಿಲ್ಲ. 'ಸರಿ ಅದ ರೇವತಿಯವರೇ' ಎಂದು ಬರೆದು ಕಳಿಸುತ್ತಾನೆ.